ಮನೆಯಲ್ಲೇ ಮಾಡಿದ್ದು ಅಂದರೆ ಯಾರು ಮಾಡಿದ್ದು?

(ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ಮೇಜಿನ ಮೇಲೆ ನಾಲ್ಕು ಸಾಮಾನು ಇಟ್ಟಿದ್ದೇನೆ. ಒಂದು ಡಬ್ಬ ಸೀಗೆಪುಡಿ, ಒಂದು ಸೀಸೆ ಹರಳೆಣ್ಣೆ, ಒಂದು ಹಿಡಿ ಅಂಟುವಾಳಕಾಯಿ, ಒಂದು ತೆಂಗಿನಕಡ್ಡಿ ಪೊರಕೆ. ಮುಂದಿನ ಸಾಲಿನವರು ಕೈಗೆತ್ತಿಕೊಂಡು ನೋಡಿ, ಆಮೇಲೆ ಹಿಂದಕ್ಕೆ ಕಳಿಸಿ. ಸೀಗೆ ಡಬ್ಬ ಮಾತ್ರ ಮೂಗಿನ ಹತ್ತಿರ ಹಿಡಿಯಬೇಡಿ. ಒಂದು ಸಲ ಸೀನು ಶುರುವಾದರೆ ನಿಲ್ಲುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ನಿತ್ಯ ಬಳಕೆಯ ವಸ್ತುಗಳ ಬಗ್ಗೆ ಮಾತಾಡಿ, ಅಳತೆ ಸಮೇತ ಹೇಳಿ ಅಂತ ನೀವು ಕರೆದಿರಿ. ಅಳತೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಇದೆ. "ಇದು ಮನೆಯಲ್ಲೇ ಮಾಡಿದ್ದು" ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ಮನೆಯಲ್ಲಿ ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಇವತ್ತು ಅದನ್ನು ಕೇಳಿಕೊಂಡೇ ಮುಂದೆ ಹೋಗೋಣ.

ನಾನು ಹುಟ್ಟಿ ಬೆಳೆದದ್ದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ. ತೆಂಗಿನ ತೋಟ, ರಾಗಿ ಹೊಲ. ಮನೆಯಲ್ಲಿ ಹದಿನಾಲ್ಕು ಜನ. ನಮ್ಮ ಕಡೆ ತೆಂಗಿನಕಾಯಿ ಇಳಿಸಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಕರಟ ಬಿಡುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಗಡಗಡ ಅನ್ನುತ್ತದೆ. ಆ ಸದ್ದು ಕೇಳಿದರೆ ಅಪ್ಪನ ಮುಖ ಅರಳುತ್ತಿತ್ತು, ದುಡ್ಡು ಬರುವ ಕಾಲ ಬಂತು ಅಂತ.

ಕೊಬ್ಬರಿ ಪೇಟೆಗೆ ಹೋಗುತ್ತಿತ್ತು. ಮಿಕ್ಕಿದ್ದೆಲ್ಲ ಮನೆಗೆ. ಮಟ್ಟೆಯ ನಾರು ಪಾತ್ರೆ ತಿಕ್ಕುವುದಕ್ಕೆ. ಕರಟ ಬಚ್ಚಲೊಲೆಗೆ. ಒಳ್ಳೆ ಕರಟ ಸಿಕ್ಕಿದರೆ ಅದಕ್ಕೆ ಬಿದಿರಿನ ಹಿಡಿ ಹಾಕಿ ಸೌಟು. ಸೋಗೆಯ ಕಡ್ಡಿ ಸೀಳಿ ಪೊರಕೆ. ಒಲೆಯಲ್ಲಿ ಉಳಿದ ಬೂದಿಯನ್ನು ಹಳೇ ಪಂಚೆಯಲ್ಲಿ ಸೋಸಿಟ್ಟರೆ ಪಾತ್ರೆ ತೊಳೆಯುವ ಪುಡಿ. ಸಾರಿಗೆ ಹಿಂಡಿದ ಹುಣಸೆಹಣ್ಣಿನ ಚರಟ ಬಿಸಾಡುತ್ತಿರಲಿಲ್ಲ. ಒಂದು ಮಣ್ಣಿನ ಕುಡಿಕೆಯಲ್ಲಿ ಕೂಡಿಡುತ್ತಿದ್ದರು, ಹಬ್ಬಕ್ಕೆ ಹಿತ್ತಾಳೆ ಬೆಳಗಬೇಕಲ್ಲ. ಅನ್ನ ಬಸಿದ ಗಂಜಿಯಲ್ಲಿ ಅರ್ಧ ಎಮ್ಮೆಗೆ, ಅರ್ಧ ಹತ್ತಿ ಸೀರೆಗೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಈ ಯಾವುದನ್ನೂ ಯಾರೂ ಕೂತು "ತಯಾರು" ಮಾಡಲಿಲ್ಲ. ಬೇರೆ ಕೆಲಸ ಮಾಡುವಾಗ ಉಳಿದದ್ದು ಅದು. ಅಡುಗೆ ಆದ ಮೇಲೆ ಬೂದಿ ಇದ್ದೇ ಇರುತ್ತದೆ. ಅನ್ನ ಬಸಿದರೆ ಗಂಜಿ ಬಂದೇ ಬರುತ್ತದೆ. ಹೆಚ್ಚಿನ ಕೈಕೆಲಸ ಏನೂ ಇಲ್ಲ, ಎತ್ತಿಟ್ಟುಕೊಂಡರೆ ಆಯಿತು.

ಬೂದಿಯಲ್ಲಿ ಪಾತ್ರೆ ಯಾಕೆ ಹೊಳೆಯುತ್ತದೆ ಅಂತ ಚಿಕ್ಕಂದಿನಲ್ಲಿ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದು ನಮ್ಮನೆಯವರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಸೌದೆ ಬೂದಿಯಲ್ಲಿ ಕ್ಷಾರ ಇರುತ್ತದಂತೆ. ಅದು ಜಿಡ್ಡಿನ ಜೊತೆ ಸೇರಿದರೆ ಅಲ್ಲೇ ಸ್ವಲ್ಪ ಸೋಪಿನ ಥರದ್ದೇ ಆಗುತ್ತದೆ. ಜೊತೆಗೆ ಬೂದಿಯ ಸಣ್ಣ ಹರಳು ಕೊಳೆಯನ್ನು ಉಜ್ಜಿ ತೆಗೆಯುತ್ತದೆ. ಹುಣಸೆಹಣ್ಣಿನದು ಇದಕ್ಕೆ ಉಲ್ಟಾ. ಅದರ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರ ಹಿತ್ತಾಳೆಯ ಮೇಲೆ ಕಟ್ಟಿದ ಕಿಲುಬನ್ನು ಕರಗಿಸುತ್ತದೆ. ಅದಕ್ಕೇ ನಮ್ಮಜ್ಜಿ ಎಣ್ಣೆ ಬಾಣಲೆಗೆ ಬೂದಿ, ಪೂಜೆ ಸಾಮಾನಿಗೆ ಹುಣಸೆಹಣ್ಣು ಅಂತ ಬೇರೆ ಬೇರೆ ಇಟ್ಟಿದ್ದರು. ಕಾರಣ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಇದೆಲ್ಲ ಹೇಗೆ ಹೋಯಿತು ಅಂತ ಯೋಚನೆ ಮಾಡಿದ್ದೀರಾ? ಜನ ಸೋಮಾರಿಗಳಾದರು, ಜಾಹೀರಾತು ನೋಡಿ ಕೆಟ್ಟರು ಅಂತ ಬೇಗ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಏನಾಯಿತು ಅಂತ ಕಣ್ಣಾರೆ ನೋಡಿದ್ದೇನೆ. ಮೊದಲು ಗ್ಯಾಸ್ ಬಂತು. ಗ್ಯಾಸ್ ಬಂದ ದಿನವೇ ಬೂದಿ ಹೋಯಿತು. ಬೂದಿ ಇಲ್ಲ ಅಂದ ಮೇಲೆ ಪಾತ್ರೆಗೆ ಅಂಗಡಿಯಿಂದ ಪುಡಿ ತರಲೇಬೇಕು. ಆಮೇಲೆ ಕುಕ್ಕರ್ ಬಂತು. ಕುಕ್ಕರಿನಲ್ಲಿ ಅನ್ನ ಬಸಿಯುವ ಹಾಗಿಲ್ಲ, ಗಂಜಿ ಹೋಯಿತು. ಅಷ್ಟು ಹೊತ್ತಿಗೆ ಪಾಲಿಸ್ಟರ್ ಸೀರೆ ಬಂದು ಗಂಜಿ ಬೇಡವೂ ಆಗಿತ್ತು. ಸ್ಟೀಲ್ ಪಾತ್ರೆ ಬಂದು ಹುಣಸೆ ಚರಟದ ಕುಡಿಕೆ ಹೋಯಿತು. ಒಂದು ಸಾಮಾನು ಬಾಗಿಲಿಂದ ಒಳಗೆ ಬಂದರೆ ನಾಲ್ಕು ಸಾಮಾನು ಹಿತ್ತಲಿನಿಂದ ಹೊರಗೆ ಹೋದವು.

ಹಾಗಂತ ಗ್ಯಾಸ್ ಬರಬಾರದಿತ್ತು ಅಂತೀರಾ? ಅಮ್ಮ ಊದುಕೊಳವೆ ಹಿಡಿದು ಕೆಮ್ಮುತ್ತಾ ಕಣ್ಣೊರೆಸಿಕೊಂಡು ಅಡುಗೆ ಮಾಡಿದ್ದನ್ನು ನೋಡಿದವಳು ನಾನು. ಗ್ಯಾಸ್ ಬಂದ ದಿನ ಅಮ್ಮ ಒಲೆಗೆ ಕುಂಕುಮ ಇಟ್ಟು ಕೈ ಮುಗಿದರು. ಆ ಬೂದಿಗೋಸ್ಕರ ಆ ಹೊಗೆ ವಾಪಸ್ ಬರಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಈಗ ಆ ಹರಳೆಣ್ಣೆ ಸೀಸೆ ಎಲ್ಲಿದೆ? ಹಾ, ಅದನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಿ. ಎಷ್ಟು ಮಂದ ಇದೆ ನೋಡಿ. ಇದು ಉಳಿದದ್ದರಿಂದ ಆಗುವ ವಸ್ತು ಅಲ್ಲ. ಇದಕ್ಕೆ ಕೆಲಸ ಬೇಕು, ತುಂಬಾ ಬೇಕು.

ರಾಗಿ ಹೊಲದ ಅಂಚಿಗೆ ನಮ್ಮ ಕಡೆ ಹರಳು ಗಿಡ ಹಾಕುತ್ತಿದ್ದರು. ಉತ್ತರ ಕರ್ನಾಟಕದವರು ಔಡಲ ಅನ್ನುತ್ತಾರೆ. ಗೊನೆ ಬಲಿತ ಮೇಲೆ ಕೊಯ್ದು ಅಂಗಳದಲ್ಲಿ ಹರಡುತ್ತಾರೆ. ಬಿಸಿಲಿಗೆ ಕಾಯಿ ಚಟ್ ಚಟ್ ಅಂತ ಸಿಡಿದು ಬೀಜ ಹಾರುತ್ತದೆ. ಅದನ್ನು ಆರಿಸುವುದು ಮಕ್ಕಳ ಕೆಲಸ. ಬಾಯಿಗೆ ಹಾಕಿಕೊಂಡೀರಿ ಅಂತ ಅಜ್ಜಿ ಅಲ್ಲೇ ಕಾವಲು ಕೂರುತ್ತಿದ್ದರು. ಹರಳು ಬೀಜ ನಿಜವಾಗಿಯೂ ವಿಷ. ಅದರಲ್ಲಿ ರೈಸಿನ್ ಅನ್ನುವ ವಿಷ ಇದೆ. ಅದು ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ, ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಕಡಲೆಕಾಯಿ ಹಿಂಡಿ ದನಕ್ಕೆ, ಹರಳಿನ ಹಿಂಡಿ ಗೊಬ್ಬರಕ್ಕೆ ಅಂತ ನಮ್ಮ ರೈತರು ಮಾಡಿಕೊಂಡ ನಿಯಮದ ಹಿಂದೆ ಇರುವುದು ಇದೇ.

ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿಯಬೇಕು. ಹುರಿದದ್ದನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಎಣ್ಣೆ ಬಿಡುತ್ತಾ ಬಿಡುತ್ತಾ ಅದು ಅಂಟು ಮುದ್ದೆಯಾಗುತ್ತದೆ, ಒನಕೆ ಮೇಲಕ್ಕೇ ಬರುವುದಿಲ್ಲ. ಒಬ್ಬರು ಕುಟ್ಟುವಾಗ ಇನ್ನೊಬ್ಬರು ಒರಳೊಳಗೆ ಕೈ ಹಾಕಿ ತಿರುವಬೇಕು, ಲೆಕ್ಕ ತಪ್ಪಿದರೆ ಬೆರಳು ಹೋಯಿತು. ಆಮೇಲೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ದೊಡ್ಡ ಹಂಡೆಯಲ್ಲಿ ನೀರು ಕುದಿಸಿ ಆ ಮುದ್ದೆ ಹಾಕುತ್ತಾರೆ. ಗಂಟೆಗಟ್ಟಲೆ ಕುದಿಯಬೇಕು. ನಿಧಾನಕ್ಕೆ ಎಣ್ಣೆ ಮೇಲೆ ತೇಲುತ್ತದೆ. ಕರಟದ ಸೌಟಿನಲ್ಲಿ ಬರೀ ಎಣ್ಣೆ ಎತ್ತಿ ಇನ್ನೊಂದು ಪಾತ್ರೆಗೆ ಹಾಕಿ ಮತ್ತೆ ಕಾಯಿಸಬೇಕು. ಅದರಲ್ಲಿ ನೀರಿರುವ ತನಕ ಚಟಪಟ ಅನ್ನುತ್ತಿರುತ್ತದೆ. ಆ ಸದ್ದು ನಿಂತರೆ ಎಣ್ಣೆ ಆಯಿತು ಅಂತ ಅರ್ಥ. ನೀರು ಉಳಿದರೆ ಎಣ್ಣೆ ಕಮಟಾಗುತ್ತದೆ.

ಈ ಕೆಲಸಕ್ಕೆ ನಮ್ಮನೆ ಹೆಂಗಸರು ಸಾಲುತ್ತಿರಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ, ಎದುರುಮನೆಯ ಅಕ್ಕ ಬರುತ್ತಿದ್ದರು. ಅವರ ಮನೆಯ ಹರಳೆಣ್ಣೆಗೆ ನಮ್ಮಮ್ಮ ಹೋಗುತ್ತಿದ್ದರು. ಹೊಲದಲ್ಲಿ ಮುಯ್ಯಾಳು ಅನ್ನುತ್ತಾರಲ್ಲ, ಅದೇ ಪದ್ಧತಿ. ಇವತ್ತು ನಿಮಗೆ ನಾವು, ನಾಳೆ ನಮಗೆ ನೀವು. ಹಪ್ಪಳಕ್ಕೂ ಹಾಗೇ, ಸಂಡಿಗೆಗೂ ಹಾಗೇ. ದುಡ್ಡಿನ ಮಾತಿಲ್ಲ. ಮಾತಂತೂ ಬೇಕಾದಷ್ಟು. ಯಾರ ಮನೆಯಲ್ಲಿ ಏನು ಕಷ್ಟ ಅನ್ನುವುದು ಆ ಒರಳಿನ ಸುತ್ತಲೇ ಗೊತ್ತಾಗುತ್ತಿತ್ತು. ಒಬ್ಬರಿಗೆ ಬಾಣಂತನಕ್ಕೆ ಎಣ್ಣೆ ಸಾಲದು ಅಂತ ಗೊತ್ತಾದರೆ ಹೇಳದೇ ಕೇಳದೇ ಒಂದು ಸೀಸೆ ಅವರ ಮನೆ ಸೇರುತ್ತಿತ್ತು.

ವರ್ಷಕ್ಕೊಂದು ಸಲ ಮಾಡಿದ ಎಣ್ಣೆ ಎಷ್ಟು ಕಡೆಗೆ ಆಗುತ್ತಿತ್ತು ಗೊತ್ತಾ? ಶನಿವಾರದ ಎಣ್ಣೆಸ್ನಾನಕ್ಕೆ, ಒಡೆದ ಹಿಮ್ಮಡಿಗೆ, ಗಾಡಿಯ ಕೀಲಿಗೆ, ಕಾಡಿಗೆಗೆ. ತೊಗರಿಬೇಳೆಗೆ ಸವರಿ ಇಡುವುದು ಒಂದು. ನಾನು ಈಗಲೂ ಮಾಡುತ್ತೇನೆ. ಒಂದು ಕೆಜಿ ಬೇಳೆಗೆ ಒಂದೇ ಒಂದು ಚಮಚ ಹರಳೆಣ್ಣೆ ಅಂಗೈಗೆ ಹಚ್ಚಿಕೊಂಡು ಬೇಳೆಯನ್ನೆಲ್ಲ ಉಜ್ಜಿ, ಬಿಸಿಲಿಗೆ ಇಟ್ಟು ಡಬ್ಬಕ್ಕೆ ತುಂಬುವುದು. ಹುಳ ಮುಟ್ಟುವುದಿಲ್ಲ. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಸಾಕು.

ಆದರೆ ಈಗ ಎಣ್ಣೆಯನ್ನು ನಾನು ಗಾಣದಿಂದ ತರುತ್ತೇನೆ. ಈ ಸೀಸೆ ಗಾಣದ್ದೇ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಯಾಕೆ ಅಂದರೆ ಆ ಒರಳಿನ ಹತ್ತಿರ ಅಪ್ಪ, ಚಿಕ್ಕಪ್ಪಂದಿರು ಒಂದು ದಿನವೂ ಕೂತದ್ದು ನಾನು ನೋಡಲಿಲ್ಲ. ಪೊರಕೆ ಕಡ್ಡಿ ಸೀಳುವುದಕ್ಕೆ ಕೂರುತ್ತಿದ್ದರು, ಅದು ತೋಟದ ಕೆಲಸ ಅನ್ನುವ ಲೆಕ್ಕ. ಒರಳು ಹೆಂಗಸರದ್ದು. ಅಮ್ಮನ ಸೊಂಟ ಐವತ್ತು ತುಂಬುವುದರೊಳಗೆ ಬಗ್ಗಿತ್ತು. "ನಿಮ್ಮನೆ ಹರಳೆಣ್ಣೆ ಅಂದರೆ ಹರಳೆಣ್ಣೆ" ಅಂತ ಬಂದವರೆಲ್ಲ ಅಪ್ಪನಿಗೆ ಹೇಳಿ ಹೋಗುತ್ತಿದ್ದರು. ಅಪ್ಪ ಒಳ್ಳೆಯವರು, ಅಮ್ಮನನ್ನು ಚೆನ್ನಾಗಿ ನೋಡಿಕೊಂಡರು. ಈ ಒಂದು ವಿಷಯ ಮಾತ್ರ ಅವರ ಕಣ್ಣಿಗೆ ಬೀಳಲೇ ಇಲ್ಲ.

ಅದು ಬರೀ ನಮ್ಮನೆ ಕಥೆಯಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯವರು ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ದೇಶದ ತುಂಬ ಸಮೀಕ್ಷೆ ಮಾಡಿದರು. 2019ರ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂದರೆ ಸುಮಾರು ಐದು ಗಂಟೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಮಾಡಿದರು. ಹೆಂಗಸರದ್ದು 289 ಆಗಿತ್ತು. ಗಂಡಸರದ್ದು ಜಾಸ್ತಿ ಆಗಿರಬಹುದು ಅಂತ ನೀವು ಅಂದುಕೊಳ್ಳುತ್ತೀರಿ. ಅದೂ ಇಳಿದು 88ಕ್ಕೆ ಬಂದಿತ್ತು. ಗ್ಯಾಸು, ಮಿಕ್ಸಿ, ಕುಕ್ಕರ್ ಎಲ್ಲ ಬಂದ ಮೇಲಿನ ಲೆಕ್ಕ ಇದು. ಈ 289 ನಿಮಿಷದ ಮೇಲೆ ಸೀಗೆಪುಡಿ, ಸೋಪು, ಫಿನಾಯಿಲು ಅಂತ ನಾವು ಇನ್ನಷ್ಟು ಪೇರಿಸಿದರೆ ಅದು ಯಾರ ತಲೆ ಮೇಲೆ ಕೂರುತ್ತದೆ?

ನನ್ನ ಕಣ್ಣು ತೆರೆಸಿದ್ದು ಸೀಗೆಪುಡಿ. ಮದುವೆಯಾಗಿ ಮೈಸೂರಿಗೆ ಬಂದ ಮೇಲೂ ಪ್ರತಿ ಬೇಸಿಗೆ ನಾನು ಸೀಗೆಪುಡಿ ಮಾಡುತ್ತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ತಾರಸಿ ಮೇಲೆ ಹಳೇ ಸೀರೆ ಹಾಸುವುದು. ಹೀಗೆ ಮೂವತ್ತೆರಡು ವರ್ಷ. ಒಂದು ವರ್ಷ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಮೇಲೆತ್ತಲು ಆಗುತ್ತಿರಲಿಲ್ಲ. ನಮ್ಮನೆಯವರು ಆಗ ತಾನೇ ನಿವೃತ್ತರಾಗಿದ್ದರು. "ನೀನು ಕೂತು ಹೇಳು, ನಾನು ಮಾಡುತ್ತೇನೆ" ಅಂದರು.

ಮೊದಲ ದಿನ ಸೀಗೆಕಾಯಿ ಆರಿಸಿದರು. ಕಸ, ಕಡ್ಡಿ, ಹುಳ ಹಿಡಿದದ್ದು ತೆಗೆಯಬೇಕು. ಕಾಯಿ ಮುರಿದು ಬೀಜ ತೆಗೆಯಬೇಕು. ಬೆರಳ ತುದಿ ಉರಿಯುತ್ತದೆ. ಎರಡನೇ ದಿನ ಬಿಸಿಲಿಗೆ ಹಾಕಿ, ಇಳಿಸಿ, ಸಂಜೆ ಇಬ್ಬನಿಗೆ ಮುಂಚೆ ಒಳಗೆ ತಂದು, ಬೆಳಿಗ್ಗೆ ಮತ್ತೆ ಹಾಕಿ. ಇದು ನಾಲ್ಕು ದಿನ. ಕಾಯಿ ಮುರಿದರೆ ಪಟ್ ಅನ್ನಬೇಕು, ಬಗ್ಗಬಾರದು. ಆರನೇ ದಿನ ಮಿಲ್ಲಿಗೆ. ಹಿಟ್ಟು ಮಾಡುವ ಮಿಷನ್ನಿಗೆ ಸೀಗೆ ಹಾಕಲ್ಲ, ಬೇರೆ ಮಿಷನ್ ಇರುವ ಮಿಲ್ಲು ಹುಡುಕಿಕೊಂಡು ಎರಡು ಬಸ್ ಹತ್ತಿ ಹೋದರು. ಬಂದಾಗ ರೆಪ್ಪೆ ಮೇಲೆಲ್ಲ ಪುಡಿ, ಕಣ್ಣು ಕೆಂಪಗೆ. ನೀರು ಕುಡಿದು ನನ್ನ ಪಕ್ಕ ಕೂತು ಹೇಳಿದರು: "ಇಷ್ಟೊಂದು ಕೆಲಸ ಇದೆಯಾ ಇದರಲ್ಲಿ? ಮೂವತ್ತೆರಡು ವರ್ಷ ತಲೆಗೆ ಹಾಕಿಕೊಂಡೆನಲ್ಲ, ನನಗೆ ಗೊತ್ತೇ ಆಗಲಿಲ್ಲ." ಅವತ್ತಿನಿಂದ ನಮ್ಮ ಮನೆಯಲ್ಲಿ ಸೀಗೆಪುಡಿ ಎಲ್ಲರ ಕೆಲಸ.

ಅಳತೆ ಬರೆದುಕೊಳ್ಳಿ. ಸೀಗೆಕಾಯಿ 1 ಕೆಜಿ. ಚಿಗರೆಪುಡಿ 250 ಗ್ರಾಂ. ಕೆಲವರು ಇದನ್ನು ಚುಜ್ಜಲುಪುಡಿ ಅನ್ನುತ್ತಾರೆ, ಒಂದು ಮರದ ಎಲೆ ಒಣಗಿಸಿ ಮಾಡಿದ ಹಸಿರು ಪುಡಿ, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಇದೂ ಎಣ್ಣೆ ಜಿಡ್ಡು ಬಿಡಿಸುತ್ತದೆ, ತಲೆಯೂ ತಂಪಾಗಿರುತ್ತದೆ. ಹೆಸರುಕಾಳು 250 ಗ್ರಾಂ, ಮೆಂತ್ಯ 100 ಗ್ರಾಂ, ಬೀಜ ತೆಗೆದ ಅಂಟುವಾಳ 100 ಗ್ರಾಂ. ಒಣಗಿಸಿದ ನಿಂಬೆ ಸಿಪ್ಪೆ, ದಾಸವಾಳದ ಎಲೆ ಒಂದೊಂದು ಹಿಡಿ. ಚಿಗರೆಪುಡಿಯನ್ನು ಕೊನೆಗೆ ಬೆರೆಸಿ, ಉಳಿದದ್ದು ಮಿಲ್ಲಿಗೆ. ಸ್ನಾನಕ್ಕೆ ಮುಂಚೆ ಬಿಸಿನೀರಿನಲ್ಲಿ ಅಥವಾ ಗಂಜಿ ಇದ್ದರೆ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಶಾಂಪೂ ಹಾಗೆ ನೊರೆ ಬರುವುದಿಲ್ಲ. ನೊರೆ ಕಮ್ಮಿ ಅಂದರೆ ಕೊಳೆ ಹೋಗಿಲ್ಲ ಅಂತ ಅರ್ಥವಲ್ಲ. ಸೀಗೆ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನುವ ಅಂಶ ಇದೆ, ಜಿಡ್ಡು ಬಿಡಿಸುವುದು ಅದೇ.

ಬೋರ್‌ವೆಲ್ ನೀರಿನವರು ಇಲ್ಲಿ ಎಷ್ಟು ಜನ ಇದ್ದೀರಿ? ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಗಡಸು ನೀರಿಗೆ ಸಾಬೂನು ಹಾಕಿದರೆ ನೊರೆ ಬರದೆ ಬಿಳಿ ಗಸಿಯಾಗುತ್ತದಲ್ಲ, ಬಕೆಟ್ಟಿನ ಅಂಚಿಗೆಲ್ಲ ಅಂಟಿಕೊಳ್ಳುತ್ತದೆ. ನೀರಿನ ಸುಣ್ಣದ ಅಂಶದ ಜೊತೆ ಸಾಬೂನು ಸೇರಿ ಹಾಗಾಗುವುದು. ಅಂಟುವಾಳ ಹಾಗೆ ಗಸಿಯಾಗುವುದಿಲ್ಲ. ರೇಷ್ಮೆ ಸೀರೆಗೆ, ಉಲ್ಲನ್ನಿಗೆ, ಚಿನ್ನಕ್ಕೆ ಅಂಟುವಾಳಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹತ್ತು ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿಕೊಳ್ಳಿ. ಆ ನೀರು ಎರಡು ದಿನ ಇಟ್ಟರೆ ಹುಳಿಯುತ್ತದೆ, ಅವತ್ತಿಂದು ಅವತ್ತಿಗೆ.

ಸಾಬೂನು ಅಂದಾಗ ನೆನಪಾಯಿತು. ಇಲ್ಲೇ ನಮ್ಮ ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೊದಲನೇ ಮಹಾಯುದ್ಧ ನಡೆಯುತ್ತಿತ್ತು, ಯುರೋಪಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಮೈಸೂರ್ ಸ್ಯಾಂಡಲ್ ಸೋಪ್ ಬಂದದ್ದು ಆ ದಾರಿಯಿಂದ. ನಮ್ಮ ಹಳ್ಳಿ ಮನೆಯಲ್ಲಿ ಅದು ಅಳಿಯಂದಿರು ಬಂದರೆ ಮಾತ್ರ ಹೊರಗೆ ಬರುವ ಸೋಪು. ಖಾಲಿ ಡಬ್ಬವನ್ನು ಅಮ್ಮ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದರು, ವರ್ಷಗಟ್ಟಲೆ ಪರಿಮಳ. ಕೊಂಡದ್ದೆಲ್ಲ ಕೆಟ್ಟದ್ದು, ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಅನ್ನುವುದು ನನ್ನ ಮಾತಲ್ಲ. ಅದಕ್ಕೇ ಇದನ್ನು ಹೇಳಿದೆ.

ಮನೆಯಲ್ಲಿ ಸೋಪು ಮಾಡಬಹುದೇ ಅಂತ ಆಗಲೇ ಒಬ್ಬರು ಕೇಳಿದರು. ಮಾಡಬಹುದು. ನಮ್ಮ ಮನೆಯಲ್ಲಿ ಅದು ಪೂರ್ತಿ ನಮ್ಮನೆಯವರ ಕೆಲಸ. ಕಾಸ್ಟಿಕ್ ಸೋಡಾ ಬೇಕಾಗುತ್ತದೆ, ಅದು ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಿದರೆ ಮೈ ಒಣಗುತ್ತದೆ, ಸ್ವಲ್ಪ ಎಣ್ಣೆ ಎಣ್ಣೆಯಾಗಿಯೇ ಉಳಿಯಲಿ ಅಂತ ಅವರು 78 ಗ್ರಾಂ ಹಾಕುತ್ತಾರೆ, 190 ಗ್ರಾಂ ನೀರಿಗೆ. ತಕ್ಕಡಿ ಇಲ್ಲದೆ, ಚಮಚದ ಲೆಕ್ಕದಲ್ಲಿ ಯಾರೂ ಕೈ ಹಾಕಬೇಡಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು, ಕುದಿದು ಮುಖಕ್ಕೆ ಎರಚುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನು ತಿಂದುಹಾಕುತ್ತದೆ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಅಚ್ಚಿನಿಂದ ತೆಗೆದ ಮೇಲೆ ಕನಿಷ್ಠ ನಾಲ್ಕು ವಾರ ಒಣಗಿಸಿ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಅದು ದೊಡ್ಡದಾಗುವ ತನಕ ಈ ಕೆಲಸ ಬೇಡ. ಸೋಪು ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಬಿಟ್ಟುಬಿಟ್ಟ ಕೆಲವು ಮನೆಮದ್ದು, ಮನೆವಸ್ತು ಇವೆ. ಇದ್ದಿಲು, ಉಪ್ಪು ಸೇರಿಸಿ ಹಲ್ಲು ಉಜ್ಜುವುದು ಬಿಟ್ಟೆ. ಹಲ್ಲಿನ ಮೇಲ್ಪದರ ಸವೆದರೆ ಮತ್ತೆ ಬೆಳೆಯುವುದಿಲ್ಲ. ಕಾಡಿಗೆ ಈಗಲೂ ಮಾಡುತ್ತೇನೆ, ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿದು. ಆದರೆ ಹಸುಗೂಸಿನ ಕಣ್ಣಿಗೆ ಹಚ್ಚುವುದಿಲ್ಲ, ಸೋಂಕು ತಗಲುತ್ತದೆ ಅಂತ ಮಕ್ಕಳ ಡಾಕ್ಟರುಗಳು ಬೇಡ ಅನ್ನುತ್ತಾರೆ. ಮೊಮ್ಮಗಳಿಗೆ ಕೆನ್ನೆ ಮೇಲೆ, ಅಂಗಾಲಿನಲ್ಲಿ ದೃಷ್ಟಿಬೊಟ್ಟು ಇಟ್ಟೆ, ಅಷ್ಟೇ. ಅಡುಗೆಸೋಡಾ ಮತ್ತು ವಿನೆಗರ್ ಕಲಸಿ ಬಾಟಲಿಗೆ ತುಂಬಿಡುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬುಸ್ ಅಂತ ನೊರೆ ಬರುತ್ತದೆ, ನೋಡಲು ಚೆಂದ. ಒಂದು ಕ್ಷಾರ, ಇನ್ನೊಂದು ಹುಳಿ. ಸೇರಿದರೆ ಎರಡರ ಶಕ್ತಿಯೂ ಹೋಗಿ ಹೆಚ್ಚುಕಮ್ಮಿ ಉಪ್ಪುನೀರು ಉಳಿಯುತ್ತದೆ. ಬೇರೆ ಬೇರೆಯಾಗಿ ಬಳಸಿ.

ಸೇರಿಸಬಾರದ್ದನ್ನು ಸೇರಿಸಿದ ತಪ್ಪು ನಾನೂ ಮಾಡಿದ್ದೇನೆ. ದೀಪಾವಳಿ ಮುಂಚೆ ಬಚ್ಚಲು ತೊಳೆಯುತ್ತಿದ್ದೆ. ಬ್ಲೀಚಿಂಗ್ ಪೌಡರ್ ಹಾಕಿದ್ದೆ, ಕಲೆ ಹೋಗಲಿಲ್ಲ. ಅದರ ಮೇಲೇ ಕಕ್ಕಸಿಗೆ ಹಾಕುವ ಆ್ಯಸಿಡ್ ಸುರಿದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಗಂಟಲು ಕಟ್ಟಿತು, ಎದೆ ಉರಿಯಿತು. ಸೊಸೆ ಕೈ ಹಿಡಿದು ಎಳೆದುಕೊಂಡು ತಾರಸಿಗೆ ಕರೆದುಕೊಂಡು ಹೋದಳು. ಎರಡು ದಿನ ಕೆಮ್ಮು ನಿಲ್ಲಲಿಲ್ಲ. ಅವೆರಡೂ ಸೇರಿದರೆ ಬರುವುದು ಕ್ಲೋರಿನ್, ವಿಷಗಾಳಿ. ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿದ್ದೆನೋ ಇಲ್ಲವೋ. ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ, ಕೆಲಸಕ್ಕೆ ಬರುವವರಿಗೂ ಹೇಳಿ. ಬೇರೆಯವರ ಮನೆ ಬಚ್ಚಲನ್ನು ದಿನಾ ತೊಳೆಯುವವರು ಅವರು, ಅಪಾಯ ಜಾಸ್ತಿ ಅವರಿಗೇ.

ಈಗ ನೆಲ ಒರೆಸಲು ನಾವು ಬಳಸುವುದು ಸಿಪ್ಪೆ ನೀರು. ಬಯೋ ಎಂಜೈಮ್ ಅಂತಾರೆ. ಥಾಯ್ಲೆಂಡಿನಿಂದ ಹರಡಿದ್ದು, ಈಗ ನಮ್ಮಲ್ಲಿ ಬೇಕಾದಷ್ಟು ಮನೆಗಳಲ್ಲಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 300 ಗ್ರಾಂ ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆ. ಪ್ಲಾಸ್ಟಿಕ್ ಡಬ್ಬವೇ ಆಗಬೇಕು, ಗಾಜಾದರೆ ಒಳಗಿನ ಗಾಳಿಗೆ ಒಡೆಯುತ್ತದೆ. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಮೂರು ತಿಂಗಳಿಗೆ ಸೋಸಿ. ಅರ್ಧ ಬಕೆಟ್ ನೀರಿಗೆ ಎರಡು ಮುಚ್ಚಳ ಸಾಕು. ಇದು ಹುಳಿ, ಅಮೃತಶಿಲೆ ನೆಲಕ್ಕೆ ಹಾಕಬೇಡಿ, ಹೊಳಪು ಹೋಗುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದು ಕ್ರಿಮಿ ಸಾಯಬೇಕು ಅಂತಿದ್ದರೆ ಇದನ್ನು ನಂಬಬೇಡಿ, ಡಾಕ್ಟರು ಹೇಳಿದ ಔಷಧವನ್ನೇ ಬಳಸಿ.

ನನಗೆ ಇದು ಯಾಕೆ ಇಷ್ಟ ಅಂದರೆ, ಬೂದಿ, ಗಂಜಿಯ ಹಾಗೆ ಇದೂ ಉಳಿದದ್ದರಿಂದ ಆಗುವುದು. ಜ್ಯೂಸ್ ಕುಡಿದ ಮೇಲೆ ಸಿಪ್ಪೆ ಹೇಗೂ ಉಳಿಯುತ್ತದೆ. ಆನ್‌ಲೈನಿನಲ್ಲಿ ಹತ್ತು ಪೊಟ್ಟಣ ತರಿಸಿ, ಒಂದಿಡೀ ಭಾನುವಾರ ಕಳೆದು, ಒಂದು ಸೀಸೆ ಮಾಡುವುದಕ್ಕಿಂತ ಇದು ನಮ್ಮಜ್ಜಿಯ ದಾರಿಗೆ ಹತ್ತಿರ. ದಿನಾ ಮುಚ್ಚಳ ತೆಗೆಯುವ ಕೆಲಸ ನಮ್ಮ ಮೊಮ್ಮಗಳದ್ದು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ.

ಹೊಸದಾಗಿ ಮದುವೆಯಾದವರು, ಇಬ್ಬರೂ ಕೆಲಸಕ್ಕೆ ಹೋಗುವವರು ಇಲ್ಲಿದ್ದೀರಿ. ನಿಮ್ಮನ್ನು ನೋಡಿಯೇ ಇದನ್ನು ಹೇಳುತ್ತಿದ್ದೇನೆ. ಯಾವುದಾದರೂ ಒಂದು ವಸ್ತು ಆರಿಸಿಕೊಳ್ಳಿ, ಒಂದೇ ಸಾಕು. ಅದನ್ನು ಶುರು ಮಾಡುವ ಮುಂಚೆ ಇಬ್ಬರೂ ಕೂತು, ಆರಿಸುವುದು ಯಾರು, ಒಣಗಿಸುವುದು ಯಾರು, ಮಿಲ್ಲಿಗೆ ಹೋಗುವುದು ಯಾರು, ಕೊನೆಗೆ ಆ ಪಾತ್ರೆ ತೊಳೆಯುವುದು ಯಾರು ಅಂತ ಮಾತಾಡಿ. ನಾಲ್ಕಕ್ಕೂ ಒಂದೇ ಹೆಸರು ಬಂದರೆ ಅಂಗಡಿಯಿಂದ ತನ್ನಿ. ನಾಚಿಕೆ ಪಡಬೇಡಿ. ನಿಮ್ಮ ಅತ್ತೆ, ಅಮ್ಮ ಏನಾದರೂ ಅಂದರೆ ನನ್ನ ಹೆಸರು ಹೇಳಿ.

ಈ ವರ್ಷದ ಸೀಗೆ ನಮ್ಮನೆಯಲ್ಲಿ ಹೀಗಾಯಿತು. ಬೀಜ ತೆಗೆದದ್ದು ಮೊಮ್ಮಗಳು ಮತ್ತು ಅವಳ ತಾತ, ವರಾಂಡದಲ್ಲಿ ಎರಡು ಸಂಜೆ. ಸೀರೆ ಹಾಸಿ ಒಣಗಿಸಿದ್ದು ನಾನು. ಮಿಲ್ಲಿಗೆ ಹೋದದ್ದು ಮಗ, ಈ ಸಲ ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು. ಚಿಗರೆಪುಡಿ ಬೆರೆಸಿ ಜರಡಿ ಹಿಡಿದದ್ದು ಸೊಸೆ. ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ ನೋಡಿ, ಐದು ಜನರ ಹೆಸರೂ ಇದೆ. ಅಕ್ಷರ ಮೊಮ್ಮಗಳದ್ದು. ಡಬ್ಬ ಹಿಂದಿನ ಸಾಲು ಮುಟ್ಟಿತು ಅನ್ನಿಸುತ್ತದೆ. ಅಲ್ಲಿ ಪಕ್ಕದಲ್ಲಿ ಹಳೇ ಪೇಪರ್ ಇಟ್ಟಿದ್ದೇನೆ. ಒಂದೊಂದು ತಲೆಸ್ನಾನಕ್ಕೆ ಆಗುವಷ್ಟು ಪೊಟ್ಟಣ ಕಟ್ಟಿಕೊಳ್ಳಿ. ಮಕ್ಕಳಿಗೆ ಹಾಕುವಾಗ ತಲೆ ಹಿಂದಕ್ಕೆ ಬಗ್ಗಿಸಿ, ಕಣ್ಣಿಗೆ ಒಂದು ಬಟ್ಟೆ ಅಡ್ಡ ಹಿಡಿಯಿರಿ.